ಫ್ರಾನ್ಸಿನ ಗುಡ್ಡಗಾಡಿನಲ್ಲಿ ಸದ್ದಿಲ್ಲದ ಸೈಕಲ್ ದಾರಿ: ಹುಡುಕುವುದು ಹೇಗೆ, ತುಳಿಯುವುದು ಹೇಗೆ

ಸಯ್ಯಾಂ ಅನ್ನುವ ಪುಟ್ಟ ಊರಿನಿಂದ ಶೋದ್ಯೇರ್ ಘಾಟಿಯ ನೆತ್ತಿಗೆ ಹತ್ತಲು ನನಗೆ ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನನ್ನನ್ನು ದಾಟಿ ಹೋದದ್ದು ಮೂರೇ ಗಾಡಿ. ಅಂಚೆಯ ಹಳದಿ ವ್ಯಾನು, ಹುಲ್ಲಿನ ಉರುಳೆ ಹೊತ್ತ ಟ್ರ್ಯಾಕ್ಟರು, ಹಿಂದಿನ ಸೀಟಿನಲ್ಲಿ ನಾಯಿ ಕೂತಿದ್ದ ಒಂದು ಹಳೇ ಕಾರು. ಮೂರೂ ಆ ಬೆಟ್ಟದಲ್ಲೇ ಕೆಲಸ ಇದ್ದವರ ಗಾಡಿಗಳು. ಉಳಿದ ಹೊತ್ತೆಲ್ಲ ನನ್ನ ಉಸಿರು, ಚೈನಿನ ಸದ್ದು, ಕೆಳಗೆಲ್ಲೋ ಕುರಿಗಳ ಕೊರಳ ಗಂಟೆ.

ಇಂಥ ರಸ್ತೆ ಅದೃಷ್ಟದಿಂದ ಸಿಗುವುದಲ್ಲ. ಹುಡುಕಿದರೆ ಸಿಗುತ್ತದೆ. ಅದಕ್ಕೆ ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದೇ: ಈ ರಸ್ತೆಯಲ್ಲಿ ಯಾರಿಗೆ ಕೆಲಸ ಇದೆ? ಲಾರಿಗೆ ಇಲ್ಲ, ಆಫೀಸಿಗೆ ಓಡುವವರಿಗೆ ಇಲ್ಲ, ಪ್ರವಾಸಿ ಬಸ್ಸಿಗೂ ಇಲ್ಲ ಅಂದರೆ ಆ ರಸ್ತೆ ನಿಮ್ಮದು. ಈ ಬರಹದಲ್ಲಿ ಆಗ್ನೇಯ ಫ್ರಾನ್ಸಿನ ದ್ರೋಮ್ ಜಿಲ್ಲೆಯನ್ನು ಇಟ್ಟುಕೊಂಡು ಎಲ್ಲವನ್ನೂ ಹೇಳುತ್ತೇನೆ. ಇದೇ ಕ್ರಮ ಸೆವೆನ್ ಬೆಟ್ಟಗಳಿಗೂ ಆಗುತ್ತದೆ, ಓವೆರ್ನ್ ಸೀಮೆಗೂ ಆಗುತ್ತದೆ.

ಹಂತ 1: ಜಾಗ ಆರಿಸಿಕೊಳ್ಳಿ

ಫ್ರಾನ್ಸ್ ಸೈಕಲ್ ಅಂದಕೂಡಲೇ ಎಲ್ಲರ ಬಾಯಲ್ಲೂ ಆಲ್ಪ್ ದ್ಯುಯೆಝ್, ಮೋಂ ವಾಂತೂ. ಹೆಸರಾದ ಏರುಗಳು, ನಿಜ. ಆದರೆ ಬೇಸಿಗೆಯಲ್ಲಿ ಅಲ್ಲಿ ಕಾರು, ಬೈಕು, ಕ್ಯಾಂಪರ್ ವ್ಯಾನು ಎಲ್ಲವೂ ಸಾಲುಗಟ್ಟಿ ಹತ್ತುತ್ತವೆ. ಸದ್ದಿಲ್ಲದ ದಾರಿ ಬೇಕು ಅಂದರೆ ಹೆಸರಿನ ಬೆಟ್ಟದ ಪಕ್ಕದ ಬೆಟ್ಟಕ್ಕೆ ಹೋಗಬೇಕು.

ದ್ರೋಮ್ ಅಂಥ ಜಾಗ. ಪಶ್ಚಿಮಕ್ಕೆ ರೋನ್ ನದಿಯ ಬಯಲು, ಉತ್ತರಕ್ಕೆ ವೆರ್ಕೋರ್ ಪ್ರಸ್ಥಭೂಮಿಯ ಸುಣ್ಣಕಲ್ಲಿನ ಗೋಡೆ, ದಕ್ಷಿಣಕ್ಕೆ ಆಲಿವ್ ಬೆಳೆಯುವ ನ್ಯೋಂಸ್. ನಡುವೆ ದ್ರೋಮ್ ನದಿಯ ಕಣಿವೆ. ಕಣಿವೆಯಲ್ಲಿ ರೈಲು ಇದೆ, ಊರುಗಳಿವೆ, ಅಂಗಡಿಗಳಿವೆ. ಎರಡೂ ಬದಿಯ ಬೆಟ್ಟಗಳಲ್ಲಿ ಜನ ತೀರಾ ಕಡಿಮೆ. ಉಳಿದುಕೊಳ್ಳಲು ದೀ ಅನ್ನುವ ಊರು ಚೆನ್ನ. ಸುಮಾರು 400 ಮೀಟರ್ ಎತ್ತರದಲ್ಲಿದೆ, ಸುತ್ತ ದ್ರಾಕ್ಷಿ ತೋಟ, ಪಟ್ಟಣವನ್ನು ಬಳಸಿ ರೋಮನ್ ಕಾಲದ ಗೋಡೆ. ಒಂದೇ ಕೋಣೆ ಹಿಡಿದು ದಿನಕ್ಕೊಂದು ದಿಕ್ಕಿಗೆ ಹೋಗಿ ಬರಬಹುದು. ಹೊರೆ ಹೊತ್ತು ಊರೂರು ತಿರುಗುವುದಕ್ಕಿಂತ ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅನುಭವ.

ಹಂತ 2: ನಕ್ಷೆಯನ್ನು ಕೂತು ಓದಿ

ಮುಖ್ಯ ಕೆಲಸ ಇದೇ. ಮೊಬೈಲ್ ಆ್ಯಪಿಗೆ ಎರಡು ಊರು ಕೊಟ್ಟರೆ ದಾರಿ ಬರುತ್ತದೆ. ಆದರೆ ಆ ದಾರಿ ಯಾಕೆ ಬಂತು ಅಂತ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಕಾಗದದ ನಕ್ಷೆ. ಮಿಶೆಲಿನ್ ಕಂಪನಿಯ 332ನೇ ನಂಬರಿನ ನಕ್ಷೆಯಲ್ಲಿ ದ್ರೋಮ್ ಮತ್ತು ವೋಕ್ಲೂಝ್ ಜಿಲ್ಲೆಗಳಿವೆ, 1:1,50,000 ಪ್ರಮಾಣದಲ್ಲಿ. ಟೇಬಲ್ ಮೇಲೆ ಹರಡಿ ನೋಡಿ.

ಕೆಂಪು ರಸ್ತೆ ದೊಡ್ಡದು, ಅದನ್ನು ಬಿಡಿ. ಹಳದಿ ಅದರ ಕೆಳಗಿನದು. ಬಿಳಿ ರಸ್ತೆ ಸಣ್ಣದು, ನಮಗೆ ಬೇಕಾದದ್ದು ಅದೇ. ರಸ್ತೆಯ ಪಕ್ಕಕ್ಕೆ ಹಸಿರು ಗೆರೆ ಎಳೆದಿದ್ದರೆ ಅಲ್ಲಿ ನೋಟ ಚೆನ್ನಾಗಿದೆ ಅಂತ ಅರ್ಥ. ರಸ್ತೆಯ ಮೇಲೆ ಬಾಣದ ತಲೆಯಂಥ ಗುರುತುಗಳಿರುತ್ತವೆ, ಅವು ಏರಿನ ಲೆಕ್ಕ. ಒಂದು ಬಾಣ ಅಂದರೆ 5ರಿಂದ 9%, ಎರಡಾದರೆ 9ರಿಂದ 13%, ಮೂರಾದರೆ ಅದಕ್ಕೂ ಕಡಿದು. 6% ಅಂದರೆ ನೂರು ಮೀಟರಿಗೆ ಆರು ಮೀಟರ್ ಏರು. ಮೂರು ಬಾಣದ ರಸ್ತೆಯನ್ನು ಮೊದಲ ವಾರದಲ್ಲಿ ಮುಟ್ಟಬೇಡಿ.

ರಸ್ತೆಯ ನಂಬರಿಗೂ ಒಂದು ಮಾತು. ಎನ್ ಅಂದರೆ ರಾಷ್ಟ್ರೀಯ ರಸ್ತೆ, ಡಿ ಅಂದರೆ ಜಿಲ್ಲೆಯ ರಸ್ತೆ. ಡಿ ಇದ್ದರೆ ಸಣ್ಣದು ಅಂತ ತಿಳಿಯಬೇಡಿ. 2006ರಲ್ಲಿ ಸಾವಿರಾರು ಕಿಲೋಮೀಟರ್ ರಾಷ್ಟ್ರೀಯ ರಸ್ತೆಗಳನ್ನು ಜಿಲ್ಲೆಗಳಿಗೆ ವಹಿಸಿದರು. ಬೋರ್ಡು ಬದಲಾಯಿತು, ಲಾರಿಗಳು ಹಾಗೇ ಉಳಿದವು. ದ್ರೋಮ್ ಕಣಿವೆಯ ಉದ್ದಕ್ಕೂ ಹೋಗುವ ಡಿ93 ಹೆಸರಿಗೆ ಜಿಲ್ಲಾ ರಸ್ತೆ. ಆದರೆ ಅದು ಬಯಲಿನಿಂದ ಆಲ್ಪ್ಸ್ ಕಡೆಗೆ ಹೋಗುವವರ ದಾರಿ. ಅಲ್ಲಿ ಎಲ್ಲರಿಗೂ ಕೆಲಸ ಇದೆ.

ಈಗ ಆ ಪ್ರಶ್ನೆ ಹಿಡಿದು ನಕ್ಷೆಯಲ್ಲಿ ಮೂರು ಬಗೆಯ ರಸ್ತೆ ಹುಡುಕಿ.

ಮೊದಲನೆಯದು ಜೋಡಿ ರಸ್ತೆ. ನದಿಯ ಒಂದು ದಡದಲ್ಲಿ ದೊಡ್ಡ ರಸ್ತೆ ಇದ್ದರೆ, ಇನ್ನೊಂದು ದಡದಲ್ಲಿ ಹಳೇ ಸಣ್ಣ ರಸ್ತೆ ಎಷ್ಟೋ ಸಲ ಉಳಿದಿರುತ್ತದೆ. ಅವಸರ ಇದ್ದವರು ಆ ಕಡೆ, ನೀವು ಈ ಕಡೆ. ಎರಡನೆಯದು ಸುತ್ತಿನ ದಾರಿ. ಎರಡು ಊರಿಗೆ ಕಣಿವೆಯಲ್ಲಿ ನೇರ ರಸ್ತೆ ಇದ್ದು, ಬೆಟ್ಟ ಹತ್ತಿ ಇಳಿಯುವ ಇನ್ನೊಂದು ರಸ್ತೆಯೂ ಇದ್ದರೆ, ಬೆಟ್ಟದ ರಸ್ತೆಗೆ ಲಾರಿ ಯಾಕೆ ಬರುತ್ತದೆ ಹೇಳಿ? ಮೂರನೆಯದು ಕೊನೆಗೊಳ್ಳುವ ರಸ್ತೆ. ಒಂದು ಹಳ್ಳಿಗೆ ಹೋಗಿ ಅಲ್ಲೇ ಮುಗಿಯುವುದು. ಹೋದ ದಾರಿಯಲ್ಲೇ ವಾಪಸ್ ಬರಬೇಕಲ್ಲ ಅಂತ ಸೈಕಲ್ ಸವಾರರು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಹತ್ತುವಾಗ ಕಂಡ ಕಣಿವೆ ಇಳಿಯುವಾಗ ಬೇರೆಯೇ ಕಾಣುತ್ತದೆ.

ಹಂತ 3: ಆರಿಸಿದ್ದನ್ನು ಎರಡು ಸಲ ತಾಳೆ ನೋಡಿ

ಫ್ರಾನ್ಸಿನಲ್ಲಿ ಜಿಲ್ಲಾಡಳಿತಗಳು ತಮ್ಮ ರಸ್ತೆಗಳಲ್ಲಿ ಗಾಡಿ ಎಣಿಸಿ ದಿನದ ಸರಾಸರಿಯನ್ನು ಪ್ರಕಟಿಸುತ್ತವೆ. ಹುಡುಕುವಾಗ ಜಿಲ್ಲೆಯ ಹೆಸರಿನ ಜೊತೆ ‘ಕೋಂತಾಜ್ ರೂತ್ಯೇ’ ಅನ್ನುವ ಫ್ರೆಂಚ್ ಮಾತು ಹಾಕಿ. ದಿನಕ್ಕೆ 500 ಗಾಡಿಗಿಂತ ಕಡಿಮೆ ಇದ್ದರೆ ನಾನು ಕಣ್ಣು ಮುಚ್ಚಿ ಒಪ್ಪುತ್ತೇನೆ. 1,000ದ ತನಕ ಪರವಾಗಿಲ್ಲ. 3,000 ದಾಟಿದರೆ ಬೇರೆ ದಾರಿ ಹುಡುಕುತ್ತೇನೆ. ಇದು ನಿಯಮ ಏನಲ್ಲ, ನನಗೆ ನಾನೇ ಹಾಕಿಕೊಂಡ ಗೆರೆ. ಎಷ್ಟೋ ಸಣ್ಣ ರಸ್ತೆಗಳಲ್ಲಿ ಎಣಿಕೆಯೇ ಆಗಿರುವುದಿಲ್ಲ. ಅದೂ ಒಳ್ಳೆಯ ಸೂಚನೆಯೇ.

ಆಮೇಲೆ ಗೂಗಲ್ ಸ್ಟ್ರೀಟ್ ವ್ಯೂ ತೆರೆದು ರಸ್ತೆಯ ನಡು ನೋಡಿ. ನಡುವೆ ಬಿಳಿ ಗೆರೆಯೇ ಇಲ್ಲ, ಅಂಚಿನಲ್ಲಿ ಹುಲ್ಲು ಬೆಳೆದಿದೆ ಅಂದರೆ ನಿಮ್ಮ ಆಯ್ಕೆ ಸರಿ. ಏರಿನ ಲೆಕ್ಕಕ್ಕೆ ಕೊಮೂಟ್ ಅಥವಾ ಫ್ರೆಂಚರೇ ಜಾಸ್ತಿ ಬಳಸುವ ಓಪನ್‌ರನ್ನರ್ ಅನ್ನುವ ಆ್ಯಪ್ ಸಾಕು. ದಾರಿಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಕಣಿವೆಗಳಲ್ಲಿ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ.

ಒಂದು ಎಚ್ಚರಿಕೆ. ಈ ಜಿಲ್ಲೆಯಲ್ಲಿ ಬೂರ್ದೋ ಅನ್ನುವ ಹಳ್ಳಿ ಇದೆ. ದೇಶದ ಇನ್ನೊಂದು ತುದಿಯಲ್ಲಿ ವೈನಿಗೆ ಹೆಸರಾದ ಬೋರ್ದೋ ನಗರ ಇದೆ. ಬರೆಯುವುದರಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಕೋಣೆ ಬುಕ್ ಮಾಡುವಾಗ ಜಿಲ್ಲೆಯ ಹೆಸರು ನೋಡಿಕೊಳ್ಳಿ.

ಹಂತ 4: ತಿಂಗಳು ಮತ್ತು ಹೊತ್ತು

ಮೇ ನಡುವಿನಿಂದ ಜೂನ್ ಕೊನೆ, ಇಲ್ಲವೇ ಇಡೀ ಸೆಪ್ಟೆಂಬರ್. ಜುಲೈ, ಆಗಸ್ಟಿನಲ್ಲಿ ಬಿಸಿಲು ಜೋರು, ಫ್ರೆಂಚರಿಗೂ ಆಗಲೇ ರಜೆ. ಚಳಿಗಾಲದಲ್ಲಿ ಘಾಟಿಯ ನೆತ್ತಿಗಳಲ್ಲಿ ಹಿಮ. ರೋನ್ ಬಯಲಿಗೆ ಹತ್ತಿರ ಹೋದಷ್ಟೂ ಉತ್ತರದಿಂದ ಮಿಸ್ತ್ರಾಲ್ ಗಾಳಿ ಬೀಸುತ್ತದೆ. ಬೀಸಿದ ದಿನ ಉತ್ತರಕ್ಕೆ ಮುಖ ಮಾಡಿ ಹೋಗುವುದು ಬೆಟ್ಟ ಹತ್ತಿದಷ್ಟೇ ಕಷ್ಟ. ಸೆಪ್ಟೆಂಬರಿನಲ್ಲಿ ಬೇಟೆಯ ಕಾಲ ಶುರುವಾಗುತ್ತದೆ, ಕಾಡಿನ ದಾರಿಯಲ್ಲಿ ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ.

ಬೆಳಿಗ್ಗೆ 8ಕ್ಕೆ ಮುಂಚೆ ಹೊರಡಿ. ಮಧ್ಯಾಹ್ನ 12ರಿಂದ 2ರವರೆಗೆ ಇನ್ನೊಂದು ಒಳ್ಳೆಯ ಹೊತ್ತು. ಇಡೀ ಸೀಮೆ ಊಟಕ್ಕೆ ಕೂತಿರುತ್ತದೆ, ರಸ್ತೆ ಖಾಲಿ.

ಹಂತ 5: ಸೈಕಲ್ಲಿನ ಗೇರು

ನಂದಿ ಬೆಟ್ಟ ಹತ್ತಿ ರೂಢಿಯಾದವರು ಅದೇ ಗೇರಿನಲ್ಲಿ ಇಲ್ಲಿಗೆ ಬರಬಹುದು ಅಂದುಕೊಳ್ಳುತ್ತಾರೆ. ಇಲ್ಲಿನ ಏರುಗಳು ಅಷ್ಟು ಕಡಿದಲ್ಲ, ಆದರೆ ಉದ್ದ. 12 ಕಿಲೋಮೀಟರ್, 20 ಕಿಲೋಮೀಟರ್ ಬಿಡದೆ ಏರುತ್ತವೆ. ಮೊಣಕಾಲು ಉಳಿಯಬೇಕು ಅಂದರೆ ಹಗುರ ಗೇರು ಬೇಕೇ ಬೇಕು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ನಿಮಿಷಕ್ಕೆ 60 ಸಲ ನಿಧಾನವಾಗಿ ತುಳಿದರೆ ಗಂಟೆಗೆ ಸುಮಾರು 7.5 ಕಿಲೋಮೀಟರ್ ವೇಗ. 8% ಏರಿನಲ್ಲೂ ಮಾತಾಡುತ್ತಾ ಹೋಗಬಹುದಾದ ವೇಗ ಅದು. ಹಿಂದೆ 28 ಹಲ್ಲು ಮಾತ್ರ ಇದ್ದರೆ ಅಂಗಡಿಯಲ್ಲಿ ಹೇಳಿ ಬದಲಿಸಿಕೊಳ್ಳಿ. ಟೈರು 28 ಅಥವಾ 32 ಮಿಲಿಮೀಟರ್ ಇರಲಿ. ಇಳಿಜಾರು ಉದ್ದ ಇರುವುದರಿಂದ ಬ್ರೇಕ್ ಪ್ಯಾಡ್ ಹೊಸದಾಗಿರಲಿ.

ಜೊತೆಗೆ ಎರಡು ಟ್ಯೂಬ್, ಪಂಪು, ತೆಳು ಗಾಳಿ ಜಾಕೆಟ್, ಮುಂದೆ ಹಿಂದೆ ದೀಪ, ಬೆಲ್. ಬೆಲ್ ಇಲ್ಲಿ ಕಾನೂನು ಪ್ರಕಾರ ಕಡ್ಡಾಯ.

ಹಂತ 6: ಅಲ್ಲಿಗೆ ಹೋಗುವುದು

ಭಾರತದಿಂದ ಹೋಗುವವರಿಗೆ ಶೆಂಗೆನ್ ವೀಸಾ ಬೇಕು. ಅದಕ್ಕೆ 30,000 ಯೂರೋಗಳ ಪ್ರಯಾಣ ವಿಮೆಯೂ ಸೇರಿರಬೇಕು. ಪ್ಯಾರಿಸಿನಿಂದ ವಲಾನ್ಸ್ ತನಕ ಟಿಜಿವಿ ಅನ್ನುವ ಅತಿವೇಗದ ರೈಲು, ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ವಲಾನ್ಸಿನಲ್ಲಿ ಎರಡು ನಿಲ್ದಾಣ ಇವೆ, ಟಿಜಿವಿ ನಿಲ್ದಾಣ ಊರ ಹೊರಗೆ. ವಲಾನ್ಸಿನಿಂದ ಟಿಇಆರ್ ಅನ್ನುವ ಸ್ಥಳೀಯ ರೈಲು ಹಿಡಿದರೆ ಕ್ರೆ, ಸಯ್ಯಾಂ ದಾಟಿ ಸುಮಾರು ಒಂದು ಗಂಟೆಯಲ್ಲಿ ದೀ.

ಟಿಇಆರ್ ರೈಲಿನಲ್ಲಿ ಸೈಕಲ್ಲನ್ನು ಹಾಗೇ ತಳ್ಳಿಕೊಂಡು ಹತ್ತಿಸಬಹುದು. ಟಿಜಿವಿಯಲ್ಲಿ ಸೈಕಲ್ ಜಾಗ ಕಡಿಮೆ, ಮೊದಲೇ ಬುಕ್ ಮಾಡಬೇಕು. ಇಲ್ಲದಿದ್ದರೆ ಚಕ್ರ ಬಿಚ್ಚಿ ಚೀಲದಲ್ಲಿ ಹಾಕಿ ಸಾಮಾನಿನಂತೆ ಒಯ್ಯಿರಿ. ವೇಳಾಪಟ್ಟಿಯಲ್ಲಿ ಒಂದು ಸಣ್ಣ ಗುರುತು ನೋಡಿ: ಕೆಲವು ಹೊತ್ತು ರೈಲಿನ ಬದಲು ಬಸ್ ಇರುತ್ತದೆ. ಬಸ್ಸಿನಲ್ಲಿ ಸೈಕಲ್ಲಿಗೆ ಜಾಗ ಸಿಗದೇ ಹೋಗಬಹುದು.

ಹಂತ 7: ರಸ್ತೆಯ ರೀತಿ

ಬಲಗಡೆ ಓಡಿಸಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ತಪ್ಪುತ್ತದೆ. ಯಾವಾಗ ಗೊತ್ತಾ? ರಸ್ತೆ ಖಾಲಿ ಇದ್ದಾಗಲೇ. ಫೋಟೋ ತೆಗೆಯಲು ನಿಂತು ಮತ್ತೆ ಹೊರಡುವಾಗ ಕಾಲು ತಾನಾಗಿ ಎಡಕ್ಕೆ ಎಳೆಯುತ್ತದೆ. ನಾನು ಹ್ಯಾಂಡಲಿನ ಬಲತುದಿಗೆ ಒಂದು ಕೆಂಪು ಟೇಪು ಸುತ್ತಿಕೊಂಡೆ. ಹೊರಡುವ ಮುಂಚೆ ಅದನ್ನು ನೋಡುವುದು ರೂಢಿಯಾಯಿತು.

ಇನ್ನೊಂದು ನಮಗೆ ಹೊಸದು. ಬೋರ್ಡು, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಹಳ್ಳಿಯೊಳಗೆ ಸಣ್ಣ ಓಣಿಯಿಂದ ಕಾರು ನಿಮ್ಮನ್ನು ನೋಡಿಯೂ ನಿಲ್ಲದೆ ಬರಬಹುದು. ಅದು ಒರಟುತನ ಅಲ್ಲ, ಅವರ ಹಕ್ಕು. ಹಳ್ಳಿ ಹೊಕ್ಕ ಕೂಡಲೇ ವೇಗ ಇಳಿಸಿ.

ಹಿಂದಿನಿಂದ ಬರುವ ಕಾರು ಸೈಕಲ್ಲನ್ನು ದಾಟುವಾಗ ಊರೊಳಗೆ 1 ಮೀಟರ್, ಊರ ಹೊರಗೆ 1.5 ಮೀಟರ್ ಜಾಗ ಬಿಡಬೇಕು ಅನ್ನುವುದು ಕಾನೂನು. ಈ ಬೆಟ್ಟಗಳಲ್ಲಿ ಜನ ಅದನ್ನು ಪಾಲಿಸುವುದನ್ನು ನೋಡಿ ನನಗೆ ತುಂಬಾ ಸಂತೋಷ ಆಯಿತು. ತಿರುವಿನಲ್ಲಿ ಹಾರ್ನ್ ಹಾಕದೆ ಹಿಂದೆಯೇ ನಿಧಾನವಾಗಿ ಬರುತ್ತಾರೆ. ಜಾಗ ಸಿಕ್ಕಾಗ ಕೈ ಎತ್ತಿ ದಾಟಿ ಹೋಗುತ್ತಾರೆ. ನೀವೂ ಹಗಲಿನಲ್ಲಿ ಇಬ್ಬರು ಜೊತೆಯಾಗಿ ಹೋಗಬಹುದು, ಹಿಂದೆ ಗಾಡಿ ಬಂದರೆ ಸಾಲಾಗಬೇಕು. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ, 2015ರಿಂದ ನಿಷೇಧ. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ 12 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ, ಆದರೆ ಎಲ್ಲರೂ ಹಾಕಿಕೊಳ್ಳಿ. ತುರ್ತಿಗೆ 112.

ಬೋರ್ಡಿನ ಮಾತುಗಳಲ್ಲಿ ‘ರೂತ್ ಬಾರೆ’ ಅಂದರೆ ರಸ್ತೆ ಬಂದ್. ‘ಗ್ರಾವಿಯೋಂ’ ಅನ್ನುವುದನ್ನು ಮಾತ್ರ ಚೆನ್ನಾಗಿ ನೆನಪಿಡಿ. ಬೇಸಿಗೆಯಲ್ಲಿ ಸಣ್ಣ ರಸ್ತೆಗಳಿಗೆ ಡಾಂಬರು ಬಳಿದು ಮೇಲೆ ಜಲ್ಲಿಪುಡಿ ಹರಡುತ್ತಾರೆ. ಗಾಡಿಗಳು ಓಡಾಡಿಯೇ ಅದು ಕೂರಬೇಕು. ಗಾಡಿಯೇ ಇಲ್ಲದ ರಸ್ತೆಯಲ್ಲಿ ಅದು ವಾರಗಟ್ಟಲೆ ಸಡಿಲವಾಗಿ ಬಿದ್ದಿರುತ್ತದೆ, ತಿರುವಿನ ಹೊರಅಂಚಿನಲ್ಲಿ ಜಾಸ್ತಿ. ನಾನು ಒಂದು ಇಳಿಜಾರಿನಲ್ಲಿ ಆ ಬೋರ್ಡು ನೋಡಿಯೂ ಬ್ರೇಕ್ ತಡವಾಗಿ ಹಿಡಿದೆ. ಹಿಂದಿನ ಚಕ್ರ ಜಾರಿತು. ಮೊಣಕೈ ಚರ್ಮ ಕಿತ್ತುಬಂತು, ಒಳಗೆ ಕೂತ ಕಪ್ಪು ಕಲ್ಲುಗಳನ್ನು ಔಷಧಿ ಅಂಗಡಿಯಾಕೆ ಒಂದೊಂದಾಗಿ ತೆಗೆದರು. ಬ್ರೇಕನ್ನು ತಿರುವಿಗೆ ಮುಂಚೆ ಹಿಡಿಯಿರಿ, ತಿರುವಿನೊಳಗೆ ಬೇಡ.

ಹಂತ 8: ನೀರು, ಊಟ

ಹಳ್ಳಿಗಳಲ್ಲಿ ಕಲ್ಲಿನ ಕಾರಂಜಿ ತೊಟ್ಟಿಗಳಿವೆ. ‘ಓ ಪೊತಾಬ್ಲ್’ ಅಂತ ಇದ್ದರೆ ಕುಡಿಯಬಹುದು, ನಡುವೆ ‘ನೋಂ’ ಸೇರಿದ್ದರೆ ಬೇಡ. ತೊಟ್ಟಿ ಸಿಗದಿದ್ದರೆ ಸ್ಮಶಾನ ಹುಡುಕಿ. ಹೂಗಿಡಗಳಿಗೆ ನೀರು ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಫ್ರೆಂಚ್ ಸವಾರರೆಲ್ಲ ಅಲ್ಲೇ ಬಾಟಲಿ ತುಂಬಿಸುತ್ತಾರೆ, ಸಂಕೋಚ ಬೇಡ.

ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಸೋಮವಾರ ಊರೇ ಮುಚ್ಚಿದಂತೆ ಇರುತ್ತದೆ. ಹಾಗಾಗಿ ಬೆಳಿಗ್ಗೆಯೇ ಬ್ರೆಡ್ ಅಂಗಡಿಗೆ ಹೋಗಿ ಒಂದು ಬಾಗೆತ್, ಚೀಸ್, ಹಣ್ಣು ಕಟ್ಟಿಸಿಕೊಳ್ಳಿ. ಸಸ್ಯಾಹಾರಿಗಳಿಗೆ ಈ ಸೀಮೆ ಕಷ್ಟವಲ್ಲ. ಇಲ್ಲಿನ ರಾವಿಯೋಲ್ ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಕಡುಬು, ಒಳಗೆ ಚೀಸ್ ಮತ್ತು ಪಾರ್ಸ್ಲಿ ಸೊಪ್ಪು. ಕುದಿಯುವ ನೀರಿಗೆ ಹಾಕಿ ಒಂದು ನಿಮಿಷಕ್ಕೆ ತೆಗೆದರೆ ಆಯಿತು. ಮೊಟ್ಟೆ ತಿನ್ನದವರು ಕೇಳಿಕೊಳ್ಳಿ, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಪಿಕೊದೋಂ ಅನ್ನುವುದು ಇಲ್ಲಿನ ಮೇಕೆ ಹಾಲಿನ ಚೀಸ್, ನಿಪ್ಪಟ್ಟಿನಂತೆ ದುಂಡಗೆ. ಎಳೆಯದು ಮೆತ್ತಗೆ, ಒಣಗಿದಷ್ಟೂ ಖಾರ. ಕಯೆತ್ ಅನ್ನುವ ಸೊಪ್ಪಿನ ಉಂಡೆ ಹಸಿರಾಗಿ ಕಾಣುತ್ತದೆ, ಆದರೆ ಅದರಲ್ಲಿ ಹಂದಿ ಮಾಂಸ ಇದೆ.

ಹಂತ 9: ಮೂರು ದಿನ, ಮೂರು ದಾರಿ

*ಮೊದಲ ದಿನ, ಆರ್ಶ್ಯಾನ್.* ದೀಯಿಂದ ಶಾತಿಯೋಂ ಊರಿಗೆ ದ್ರಾಕ್ಷಿ ತೋಟಗಳ ನಡುವೆ ಹೋಗಿ. ಅಲ್ಲಿಂದ ಮೆನೆ ಘಾಟಿಯ ಡಿ120 ಹಿಡಿದು, ಎಡಕ್ಕೆ ಆರ್ಶ್ಯಾನ್ ಬೋರ್ಡು ಕಂಡಲ್ಲಿ ತಿರುಗಿ. ಹೋಗಿ ಬರಲು ಸುಮಾರು 50 ಕಿಲೋಮೀಟರ್, ಏರು ಹದವಾಗಿದೆ. ಇದು ಕೊನೆಗೊಳ್ಳುವ ರಸ್ತೆ. ತೊರೆಯ ಪಕ್ಕದಲ್ಲೇ ಹತ್ತಿ ಕೆಲವೇ ಮನೆಗಳ ಹಳ್ಳಿ ಮುಟ್ಟುತ್ತದೆ. ಮುಂದೆ ದಾರಿ ಇಲ್ಲ, ಮೂರು ಕಡೆಯಿಂದಲೂ ನೂರಾರು ಮೀಟರಿನ ಬಂಡೆಗೋಡೆ. ತಲೆ ಎತ್ತಿದರೆ ರಣಹದ್ದುಗಳು ಸುತ್ತುತ್ತಿರುತ್ತವೆ.

*ಎರಡನೇ ದಿನ, ಶೋದ್ಯೇರ್ ಸುತ್ತು.* ಮೂರರಲ್ಲಿ ನನಗೆ ತೀರಾ ಇಷ್ಟವಾದದ್ದು ಇದು. ಬೆಳಗಿನ ರೈಲಿನಲ್ಲಿ ಸಯ್ಯಾಂಗೆ ಬನ್ನಿ. ಸೇತುವೆ ದಾಟಿ ಡಿ156 ಹಿಡಿಯಿರಿ. ಸುಮಾರು 12 ಕಿಲೋಮೀಟರ್ ಏರು, 6% ಆಸುಪಾಸು, ನೆತ್ತಿ 1,047 ಮೀಟರಿನಲ್ಲಿ. ಫ್ರೆಂಚರು ಘಾಟಿಯ ನೆತ್ತಿಗೆ ‘ಕೊಲ್’ ಅನ್ನುತ್ತಾರೆ. ಕಡೆಯ ಕೆಲವು ತಿರುವುಗಳಲ್ಲಿ ಟ್ರುವಾ ಬೆಕ್ ಅನ್ನುವ ಮೂರು ಶಿಖರಗಳು ಬಲಗಡೆ ತಲೆಯ ಮೇಲೇ ನಿಂತಂತೆ ಕಾಣುತ್ತವೆ. ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನ ತುಳಿಯಿರಿ, ಶಕ್ತಿ ಕೊನೆಗೆ ಬೇಕು.

ಆಚೆ ಬದಿಯಲ್ಲಿ ಬೂರ್ದೋ ತನಕ ಇಳಿಜಾರು. ಅಲ್ಲಿಂದ ಸೂ ಹಳ್ಳಿ, ಪಿಕೊದೋಂ ಚೀಸಿಗೆ ಹೆಸರಾದದ್ದು. ಬರೆಯುವುದರಲ್ಲಿ ನಡುವೆ ಇನ್ನೂ ಎರಡು ಸ್ವರ ಇದ್ದರೂ ಕರೆಯುವುದು ಸೂ ಅಂತಲೇ. ಊಟ ಅಲ್ಲೇ ಆಗಲಿ, ಚೌಕದಲ್ಲಿ ಮರದ ನೆರಳಿದೆ. ಮುಂದೆ ಸೂ ಕಾಡು. ಎರಡೂ ಕಡೆ ಬಂಡೆಯ ಅಂಚು, ನಡುವೆ ದೋಣಿಯ ಒಳಗಿನಂತೆ ಬೀಚ್ ಮರಗಳ ಕಾಡು. ಅದನ್ನು ದಾಟಿ ಊಸ್ತ್ ಊರಿಗೆ ಇಳಿದರೆ ಡಿ93ರ ಸದ್ದು ಕೇಳಿಸುತ್ತದೆ. ಈಗ ಜೋಡಿ ರಸ್ತೆಯ ಪಾಠ ನೆನಪಿಗೆ ತಂದುಕೊಳ್ಳಿ. ನದಿಯ ದಕ್ಷಿಣ ದಡದಲ್ಲೇ ಉಳಿದು ಪಿಯೇಗ್ರೊ, ಒಬ್ನಾಸೋಂ ಮೂಲಕ ಸಯ್ಯಾಂಗೆ ಬನ್ನಿ. ಒಟ್ಟು 65ರಿಂದ 70 ಕಿಲೋಮೀಟರ್. ಸಯ್ಯಾಂನಲ್ಲಿ ನದಿ ತಣ್ಣಗೆ, ತಿಳಿಯಾಗಿ ಹರಿಯುತ್ತದೆ. ರೈಲಿಗೆ ಹೊತ್ತಿದ್ದರೆ ಕಾಲು ಇಳಿಬಿಟ್ಟು ಕೂರಿ.

*ಮೂರನೇ ದಿನ, ರೂಸೆ ಘಾಟಿ.* ದೀಯಿಂದಲೇ ಶುರು, ಶಮಲೋಕ್ ಹಳ್ಳಿ ದಾಟಿ ಡಿ518ರಲ್ಲಿ ಸುಮಾರು 20 ಕಿಲೋಮೀಟರ್ ಹತ್ತಬೇಕು. ಸರಾಸರಿ 4% ಮಾತ್ರ, ಕೊನೆಯಲ್ಲಿ ಹಾವಿನ ಸುರುಳಿಯಂಥ ತಿರುವುಗಳು. ನೆತ್ತಿ 1,254 ಮೀಟರ್. ಈ ರಸ್ತೆಯಲ್ಲಿ ಮಾತ್ರ ಬೈಕ್ ಸವಾರರು ಬರುತ್ತಾರೆ, ವಾರಾಂತ್ಯದಲ್ಲಿ ಜಾಸ್ತಿ. ಅದಕ್ಕೇ ಮಂಗಳವಾರ, ಬುಧವಾರ ಬೆಳಿಗ್ಗೆ ಹೋಗಿ.

ನೆತ್ತಿಯಲ್ಲಿ ಸುರಂಗ. ದೀಪ ಹಚ್ಚಿಕೊಂಡೇ ಒಳಗೆ ಹೋಗಿ. ಈ ಕಡೆ ಲ್ಯಾವೆಂಡರ್, ಒಣ ಮಣ್ಣು, ಕೀಟಗಳ ಕಿರ್ರ್ ಸದ್ದು. ಆ ಕಡೆ ದಟ್ಟ ಹಸಿರು, ಫರ್ ಮರ, ಎಷ್ಟೋ ಸಲ ಮಂಜು. ಅಲ್ಲಿಂದ ವಾಸ್ಯೂ ಹಳ್ಳಿಗೆ ಬಯಲಿನ ದಾರಿ. 1944ರ ಜುಲೈ 21ರಂದು ಜರ್ಮನ್ ಸೈನಿಕರು ಗ್ಲೈಡರುಗಳಲ್ಲಿ ಇಲ್ಲಿಗೇ ಬಂದು ಇಳಿದರು. ಜರ್ಮನ್ ಆಕ್ರಮಣದ ವಿರುದ್ಧ ಹೋರಾಡುತ್ತಿದ್ದ ಫ್ರೆಂಚ್ ಪ್ರತಿರೋಧದವರು ಈ ಪ್ರಸ್ಥಭೂಮಿಯಲ್ಲಿ ನೆಲೆ ಮಾಡಿಕೊಂಡಿದ್ದರು. ಹಳ್ಳಿ ನಾಶವಾಯಿತು, ಊರಿನವರೂ ಹೋರಾಟಗಾರರೂ ಸತ್ತರು. ಈಗ ಇರುವುದು ಯುದ್ಧದ ನಂತರ ಕಟ್ಟಿದ ಹಳ್ಳಿ. ಸೈಕಲ್ಲನ್ನು ಗೋಡೆಗೆ ಒರಗಿಸಿ ಸ್ಮಾರಕ ಮತ್ತು ಸಮಾಧಿಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಇಷ್ಟು ಸದ್ದಿಲ್ಲದ ಬಯಲಿನಲ್ಲಿ ಅದು ನಡೆಯಿತು ಅನ್ನುವುದು ಮನಸ್ಸಿಗೆ ಇಳಿಯಲು ಹೊತ್ತು ಬೇಕು.

ಮಧ್ಯಾಹ್ನ 3ರೊಳಗೆ ವಾಪಸ್ ಹೊರಡಿ, ಬೇಸಿಗೆಯ ಗುಡುಗು ಮಳೆ ಸಂಜೆ ಬರುತ್ತದೆ. ಬೆವರು ಆರುವ ಮುಂಚೆ, ಸುರಂಗದೊಳಗೆ ಹೋಗುವ ಮೊದಲೇ ಜಾಕೆಟ್ ಹಾಕಿಕೊಳ್ಳಿ. ಒಳಗೆ ಗಾಳಿ ಕೊರೆಯುತ್ತದೆ. ಆಚೆ ಬಂದ ಕೂಡಲೇ ಬಿಸಿ ಗಾಳಿ, ಕೆಳಗೆ ದೀ ಊರಿನ ಕಣಿವೆ ಪೂರ್ತಿ ಕಾಣುತ್ತದೆ. ಅಲ್ಲಿ ನಿಂತು ಬ್ರೇಕನ್ನು ಒಮ್ಮೆ ಹಿಡಿದು ನೋಡಿ, ಬಲಗಡೆಯ ಕೆಂಪು ಟೇಪು ನೋಡಿ, ಆಮೇಲೆ ಇಳಿಯಿರಿ.